ಟೇಬಲ್ ಟೆನಿಸ್ ಟೂರ್ನಿ ನೋಡಲು ಹೊರಟಿದ್ದೀರಾ? ಮೊದಲು ಮಂಗಳವಾರದ ಟಿಕೆಟ್ ತೆಗೆದುಕೊಳ್ಳಿ

ತುಮಕೂರಿನ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ನಮ್ಮಲ್ಲಿರುವುದು ಒಂದೇ ಟಿಟಿ ಟೇಬಲ್. ಸಂಜೆಯಾದರೆ ಅದರ ಸುತ್ತ ಮಕ್ಕಳು ಸರದಿ ನಿಂತಿರುತ್ತಾರೆ. ಈ ಮಕ್ಕಳನ್ನೂ ಬರಲೊಪ್ಪಿದ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ಗೋವಾಕ್ಕೆ, ಚೆನ್ನೈಗೆ ಅಂತಾರಾಷ್ಟ್ರೀಯ ಟೂರ್ನಿ ನೋಡಲು ಹೋಗಿ ಬಂದಿದ್ದೇನೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಒಂದೇ ಮಾತು: "ಸರ್, ಫೈನಲ್ ಯಾವತ್ತು? ಅವತ್ತಿಗೆ ಟಿಕೆಟ್ ಸಿಗುತ್ತಾ?"

ಫೈನಲ್ ಇರುವುದು ಭಾನುವಾರ. ಟಿಕೆಟ್ ಸಿಗಲೂಬಹುದು. ಆದರೆ ನಿಮಗೆ ಸಿಗುವುದು ಒಂದೇ ದಿನದ ರಜೆ ಅಂತಾದರೆ ಭಾನುವಾರ ಬೇಡ, ಮಂಗಳವಾರವೋ ಬುಧವಾರವೋ ಹೋಗಿ ಅಂತಲೇ ನಾನು ಹೇಳುವುದು. ಯಾಕೆ, ಹೇಗೆ, ಎಲ್ಲಿ ಕೂರಬೇಕು, ಏನು ನೋಡಬೇಕು ಅಂತ ಫೋನಿನಲ್ಲಿ ಮತ್ತೆ ಮತ್ತೆ ಹೇಳುವುದಕ್ಕಿಂತ ಒಂದು ಸಲ ಬರೆದಿಡುವುದು ವಾಸಿ ಅನಿಸಿತು.

ಯಾವ ಟೂರ್ನಿಗೆ ಹೋಗಬೇಕು

ವೃತ್ತಿಪರ ಟೂರ್ನಿಗಳನ್ನು ಈಗ ನಡೆಸುತ್ತಿರುವುದು ಡಬ್ಲ್ಯುಟಿಟಿ, ಅಂದರೆ ವರ್ಲ್ಡ್ ಟೇಬಲ್ ಟೆನಿಸ್. 2021ರಿಂದ ಅವರದೇ ಸರಣಿ. ಅದರಲ್ಲಿ ಎಲ್ಲಕ್ಕಿಂತ ಮೇಲಿನದು ಗ್ರ್ಯಾಂಡ್ ಸ್ಮ್ಯಾಶ್. ಆಮೇಲೆ ಚಾಂಪಿಯನ್ಸ್, ಸ್ಟಾರ್ ಕಂಟೆಂಡರ್, ಕಂಟೆಂಡರ್, ಫೀಡರ್. ಇದರ ಹೊರಗೆ ವಿಶ್ವ ಚಾಂಪಿಯನ್‌ಷಿಪ್, ಏಷ್ಯನ್ ಚಾಂಪಿಯನ್‌ಷಿಪ್, ಒಲಿಂಪಿಕ್ಸ್ ಇವೆ.

ದೊಡ್ಡ ಹೆಸರಿದ್ದಷ್ಟೂ ನೋಡುವುದಕ್ಕೆ ಚೆನ್ನಾಗಿರುತ್ತದೆ ಅಂತೇನಿಲ್ಲ. ಚಾಂಪಿಯನ್ಸ್ ಮಟ್ಟದ ಟೂರ್ನಿಯಲ್ಲಿ ಗಂಡಸರು 32, ಹೆಂಗಸರು 32, ಸಿಂಗಲ್ಸ್ ಮಾತ್ರ. ಅಲ್ಲಿ ನಮ್ಮವರು ಒಬ್ಬಿಬ್ಬರು ಕಂಡರೆ ಹೆಚ್ಚು. ಸ್ಟಾರ್ ಕಂಟೆಂಡರ್ ಹಾಗಲ್ಲ. ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಎಲ್ಲವೂ ಇರುತ್ತವೆ. ಮುಖ್ಯ ಸುತ್ತಿಗೆ ಮೊದಲು ಅರ್ಹತಾ ಸುತ್ತು ಇರುತ್ತದೆ. ಟೂರ್ನಿ ನಡೆಸುವ ದೇಶದವರಿಗೆ ವೈಲ್ಡ್ ಕಾರ್ಡ್, ಅಂದರೆ ರ್‍ಯಾಂಕಿಂಗ್ ನೋಡದೆ ಕೊಡುವ ಪ್ರವೇಶ, ಸಿಗುತ್ತದೆ. ಹಾಗಾಗಿ ಭಾರತದಲ್ಲಿ ನಡೆದಾಗ ನಮ್ಮ ಹುಡುಗ ಹುಡುಗಿಯರು ದಂಡಿಯಾಗಿ ಆಡುತ್ತಾರೆ. 2023 ಮತ್ತು 2024ರಲ್ಲಿ ಗೋವಾ, 2025ರ ಮಾರ್ಚ್‌ನಲ್ಲಿ ಚೆನ್ನೈ, ಎಲ್ಲವೂ ಸ್ಟಾರ್ ಕಂಟೆಂಡರ್‌ಗಳೇ. 2025ರ ಅಕ್ಟೋಬರ್‌ನಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಏಷ್ಯನ್ ಟೀಮ್ ಚಾಂಪಿಯನ್‌ಷಿಪ್ ಕೂಡ ಆಯಿತು. ಮೊದಲ ಸಲ ಹೋಗುವವರಿಗೆ ಸ್ಟಾರ್ ಕಂಟೆಂಡರ್‌ಗಿಂತ ಒಳ್ಳೆಯದು ಇಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೆ ನಮಗಿಂತ ಜಾಸ್ತಿ ಅವಕಾಶ ಇದೆ. ಸಿಂಗಪುರದಲ್ಲಿ 2022ರಿಂದ ಗ್ರ್ಯಾಂಡ್ ಸ್ಮ್ಯಾಶ್ ನಡೆಯುತ್ತಿದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಚಾಂಪಿಯನ್ಸ್ ನಡೆದಿದೆ. ಸಿಂಗಪುರದವರಿಗೆ ಒಂದು ಕಿವಿಮಾತು: ಚೀನಾದ ಅಭಿಮಾನಿಗಳು ಅಲ್ಲಿಗೆ ವಿಮಾನ ಹತ್ತಿ ಬರುತ್ತಾರೆ. ಕೊನೆಯ ದಿನಗಳ ಟಿಕೆಟ್ ಆಮೇಲೆ ನೋಡೋಣ ಅಂತ ಬಿಡಬೇಡಿ.

ಮಂಗಳವಾರವೇ ಯಾಕೆ

ಸ್ಟಾರ್ ಕಂಟೆಂಡರ್ ಸಾಮಾನ್ಯವಾಗಿ ಮಂಗಳವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಮೊದಲ ದಿನಗಳು ಅರ್ಹತಾ ಸುತ್ತಿಗೆ. ಅವತ್ತು ಹಾಲ್‌ನಲ್ಲಿ ಹಲವು ಟೇಬಲ್ ಹಾಕಿ ಒಟ್ಟೊಟ್ಟಿಗೆ ಪಂದ್ಯ ಆಡಿಸುತ್ತಾರೆ. ಬೆಳಿಗ್ಗೆ ಹೋದರೆ ರಾತ್ರಿಯವರೆಗೆ ಆಟ. ಒಂದು ಟೇಬಲ್‌ನಲ್ಲಿ ಕೊರಿಯಾದ ಹುಡುಗ, ಪಕ್ಕದ ಟೇಬಲ್‌ನಲ್ಲಿ ಕೋಲ್ಕತ್ತದ ಹುಡುಗಿ, ಅದರಾಚೆ ಜಪಾನಿನ ಹದಿನಾರರ ಪೋರಿ. ಕುರ್ಚಿಗಳು ಬಹುಪಾಲು ಖಾಲಿ. ನಿಮಗೆ ಬೇಕಾದ ಕಡೆ ಕೂರಬಹುದು, ಬೇಜಾರಾದರೆ ಎದ್ದು ಇನ್ನೊಂದು ಟೇಬಲ್ ಹತ್ತಿರ ಹೋಗಬಹುದು.

ಭಾನುವಾರ ಹಾಲ್ ನಡುವೆ ಒಂದೇ ಟೇಬಲ್. ಸುತ್ತ ಕತ್ತಲೆ, ಬಣ್ಣದ ಬೆಳಕು, ಹಾಡು, ಆಟಗಾರರ ಹೆಸರು ಕೂಗುವ ನಿರೂಪಕರು. ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಕೂತ ಜಾಗದಲ್ಲೇ ಕೂತಿರಬೇಕು. ನೋಡಸಿಗುವುದು ಕೆಲವೇ ಪಂದ್ಯ. ಆ ಪಂದ್ಯಗಳನ್ನು ಟಿವಿಯವರು ಹೇಗೂ ತೋರಿಸುತ್ತಾರೆ. ಮಂಗಳವಾರದ ಆಟವನ್ನು ಹೀಗೆ ಹತ್ತಿರದಿಂದ ತೋರಿಸುವವರು ಯಾರೂ ಇಲ್ಲ.

ಇನ್ನೊಂದು ವಿಷಯ ಇದೆ, ನನಗೆ ಅದೇ ಮುಖ್ಯ. ಅರ್ಹತಾ ಸುತ್ತಿನಲ್ಲಿ ಆಡುವವರಲ್ಲಿ ಹಲವರು ಸ್ವಂತ ದುಡ್ಡಿನಲ್ಲಿ ಬಂದವರು, ರ್‍ಯಾಂಕಿಂಗ್‌ನಲ್ಲಿ ನಾಲ್ಕು ಮೆಟ್ಟಿಲು ಹತ್ತಲು ಒದ್ದಾಡುತ್ತಿರುವವರು. ಅವರ ಪಂದ್ಯಕ್ಕೆ ಹತ್ತು ಜನ ಚಪ್ಪಾಳೆ ತಟ್ಟಿದರೂ ಅವರ ಕಾಲಿನ ಓಟ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಎರಡು ಗೇಮ್ ಸೋತು ಕೂತಿದ್ದ ಹುಡುಗಿಗೆ ನಮ್ಮ ಮಕ್ಕಳು ಹೆಸರು ಹಿಡಿದು ಕೂಗಿದಾಗ ಅವಳು ಒಮ್ಮೆ ತಲೆಯೆತ್ತಿ ನೋಡಿದಳು. ಆ ಗೇಮ್ ಗೆದ್ದಳು. ಪಂದ್ಯ ಗೆದ್ದಳೋ ಇಲ್ಲವೋ ಅನ್ನುವುದು ನಮ್ಮ ಮಕ್ಕಳಿಗೆ ಆಮೇಲೆ ದೊಡ್ಡ ವಿಷಯ ಆಗಲಿಲ್ಲ. ತಾವು ಕೂಗಿದ್ದಕ್ಕೆ ಅಲ್ಲಿ ಏನೋ ಆಯಿತು ಅನ್ನುವುದು ಮಾತ್ರ ಅವರಿಗೆ ನೆನಪಿದೆ.

ಎರಡು ದಿನ ಸಿಕ್ಕರೆ ಒಂದು ಮಂಗಳವಾರ, ಇನ್ನೊಂದು ಶುಕ್ರವಾರ ಇಟ್ಟುಕೊಳ್ಳಿ. ಶುಕ್ರವಾರದ ಹೊತ್ತಿಗೆ ದೊಡ್ಡವರೆಲ್ಲ ಆಡುತ್ತಿರುತ್ತಾರೆ, ಯಾರೂ ಇನ್ನೂ ಪೂರ್ತಿ ದಣಿದಿರುವುದಿಲ್ಲ.

ಚೆನ್ನೈಗೆ ಹೋಗುವುದಾದರೆ

ಕರ್ನಾಟಕದವರಿಗೆ ಚೆನ್ನೈ ತುಂಬಾ ಸಲೀಸು. 2025ರ ಟೂರ್ನಿ ನಡೆದದ್ದು ಜವಾಹರಲಾಲ್ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ. ಅದು ಸೆಂಟ್ರಲ್ ಸ್ಟೇಷನ್ನಿಗೆ ಒಂದು ಕಿಲೋಮೀಟರ್ ಆಸುಪಾಸು. ಸ್ಟೇಷನ್ನಿನಿಂದ ಹೊರಬಿದ್ದು, ಬೆಳ್ಳಗೆ ಕಾಣುವ ರಿಪ್ಪನ್ ಬಿಲ್ಡಿಂಗ್ ದಾಟಿ ನಡೆದರೆ ಆಯಿತು. ಆಟೋದವರ ಜೊತೆ ಚೌಕಾಸಿ ಬೇಕಿಲ್ಲ. ಮೈಸೂರಿನಿಂದ ಬೆಂಗಳೂರು ಮೇಲೆ ಹೋಗುವ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಚೆನ್ನೈ. ಅದೇ ರೈಲು ಅಲ್ಲಿಂದಲೂ ರಾತ್ರಿಯೇ ಹೊರಡುತ್ತದೆ. ಒಂದು ದಿನದ ನೋಟಕ್ಕೆ ಲಾಡ್ಜ್ ಖರ್ಚೂ ಉಳಿಯುತ್ತದೆ. ಸಂಜೆಯ ಕೊನೆಯ ಪಂದ್ಯ ಬಿಟ್ಟು ಎದ್ದು ಬರಬೇಕಾಗುತ್ತದೆ, ಅಷ್ಟೇ. ಅದಕ್ಕೆ ಮನಸ್ಸಿಲ್ಲದಿದ್ದರೆ ಮರುದಿನ ಬೆಳಗಿನ ರೈಲಿಗೆ ಬುಕ್ ಮಾಡಿ.

ರೈಲು ಟಿಕೆಟ್ ಮೊದಲು, ಆಟದ ಟಿಕೆಟ್ ಆಮೇಲೆ. ಇದು ನನ್ನ ಕ್ರಮ. ಟೂರ್ನಿಯ ದಿನಾಂಕ ಡಬ್ಲ್ಯುಟಿಟಿ ಕ್ಯಾಲೆಂಡರ್‌ನಲ್ಲಿ ತಿಂಗಳುಗಟ್ಟಲೆ ಮುಂಚೆ ಬಂದಿರುತ್ತದೆ. ಪ್ರವೇಶದ ಟಿಕೆಟ್ ಮಾರಾಟ ಮಾತ್ರ ಟೂರ್ನಿ ಹತ್ತಿರ ಬಂದಾಗಲೇ ಶುರುವಾಗುತ್ತದೆ. ಟಿಕೆಟ್ ಕೊಳ್ಳುವಾಗ ಒಂದು ನೋಡಿ: ಅದು ಇಡೀ ದಿನಕ್ಕೋ, ಬೆಳಿಗ್ಗೆ ಅಥವಾ ಸಂಜೆಯ ಅವಧಿಗೆ ಮಾತ್ರವೋ. ಇದು ಟೂರ್ನಿಯಿಂದ ಟೂರ್ನಿಗೆ ಬೇರೆ ಇರುತ್ತದೆ.

ಯಾರು ಯಾವ ಟೇಬಲ್‌ನಲ್ಲಿ ಎಷ್ಟು ಗಂಟೆಗೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಹಿಂದಿನ ರಾತ್ರಿ ಬರುತ್ತದೆ. ಅದನ್ನು ಮೊಬೈಲ್‌ನಲ್ಲಿ ನೋಡುವುದಕ್ಕಿಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಐದು ಗೇಮ್‌ಗಳ ಪಂದ್ಯ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ, ನಿಮ್ಮ ದಿನಕ್ಕೆ ಐದಾರು ಪಂದ್ಯ ಗುರುತು ಹಾಕಿ. ನಾನು ಮಕ್ಕಳಿಗೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಆಟಗಾರರನ್ನು ಹಂಚುತ್ತೇನೆ. ಎಡಗೈ ಆಟದ ಹುಡುಗನಿಗೆ ಎಡಗೈ ಆಟಗಾರ. ಅವರನ್ನೇ ದಿನವಿಡೀ ಹಿಂಬಾಲಿಸಬೇಕು.

ಎಲ್ಲಿ ಕೂರಬೇಕು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಒಂದೇ ಪಂದ್ಯ, ಒಂದೇ ಹಾಲ್, ಆದರೆ ಕುರ್ಚಿ ಬದಲಾದರೆ ಆಟವೇ ಬೇರೆ ಕಾಣುತ್ತದೆ.

ಟಿವಿ ಕ್ಯಾಮೆರಾ ಇರುವುದು ಒಬ್ಬ ಆಟಗಾರನ ಬೆನ್ನ ಹಿಂದೆ, ಎತ್ತರದಲ್ಲಿ. ಅಲ್ಲಿಂದ ಎರಡೂ ಕಡೆ ಒಂದೇ ಚೌಕಟ್ಟಿನಲ್ಲಿ ಬರುತ್ತದೆ ನಿಜ. ಆದರೆ ಉದ್ದ ಕುಗ್ಗಿಹೋಗುತ್ತದೆ. 2.74 ಮೀಟರ್ ಉದ್ದದ ಟೇಬಲ್ ಚೌಕದ ಹಾಗೆ ಕಾಣುತ್ತದೆ. ಆಟಗಾರ ಟೇಬಲ್‌ನಿಂದ ಮೂರು ನಾಲ್ಕು ಮೀಟರ್ ಹಿಂದೆ ಹೋಗಿ ಹೊಡೆದರೂ ಎರಡು ಹೆಜ್ಜೆ ಸರಿದ ಹಾಗೆ ಅನಿಸುತ್ತದೆ. "ಟಿವಿಯಲ್ಲಿ ಟಿಟಿ ನೋಡಿದರೆ ಸುಮ್ನೆ ಟಕ ಟಕ ಅಂತ ಹೊಡೆದ ಹಾಗಿರುತ್ತೆ, ಏನೂ ಗೊತ್ತಾಗಲ್ಲ" ಅಂತ ಜನ ಹೇಳುತ್ತಾರಲ್ವಾ, ಅದಕ್ಕೆ ಕಾರಣ ಇದೇ. ತಪ್ಪು ಆಟದ್ದಲ್ಲ, ಕ್ಯಾಮೆರಾ ಇರುವ ಜಾಗದ್ದು.

ಮೊದಲ ಪಂದ್ಯವನ್ನು ಬದಿಯಿಂದ ನೋಡಿ. ನೆಟ್‌ಗೆ ನೇರ ಎದುರಾಗಿ, ಕೆಳಗಿನ ಸಾಲುಗಳಲ್ಲಿ. ಇಲ್ಲಿ ಕಾಣುವುದು ದೂರ ಮತ್ತು ವೇಗ. ಪಂದ್ಯದ ಅಂಗಳ ಕನಿಷ್ಠ 14 ಮೀಟರ್ ಉದ್ದ, 7 ಮೀಟರ್ ಅಗಲ ಇರಬೇಕು ಅಂತ ನಿಯಮ. ಅದು ಯಾಕೆ ಅಷ್ಟು ದೊಡ್ಡದು ಅಂತ ಇಲ್ಲಿ ಕೂತರೆ ಗೊತ್ತಾಗುತ್ತದೆ. ಒಬ್ಬ ಹಿಂದೆ ಹಿಂದೆ ಸರಿದು ಬೇಲಿಯ ಹಲಗೆಗೆ ಬೆನ್ನು ತಾಗುವಷ್ಟು ದೂರ ಹೋಗಿ, ಅಲ್ಲಿಂದ ಚೆಂಡನ್ನು ಎತ್ತಿ ಎತ್ತಿ ಕಳಿಸುತ್ತಿರುತ್ತಾನೆ. ಇನ್ನೊಬ್ಬ ಟೇಬಲ್‌ಗೆ ಅಂಟಿಕೊಂಡು ಹೊಡೆಯುತ್ತಿರುತ್ತಾನೆ. ಹೊಡೆದ ಚೆಂಡು ಗಂಟೆಗೆ ನೂರು ಕಿಲೋಮೀಟರ್ ದಾಟುವುದೂ ಉಂಟು. ಹೊಸಬರನ್ನು ಬದಿಯಲ್ಲಿ ಕೂರಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಬಾಯಿ ತೆರೆಯುತ್ತಾರೆ.

ಎರಡನೇ ಪಂದ್ಯಕ್ಕೆ ಜಾಗ ಬದಲಿಸಿ. ಟೇಬಲ್‌ನ ಒಂದು ತುದಿಯ ಹಿಂದೆ, ಸ್ವಲ್ಪ ಓರೆಯಾಗಿ, ಮೂಲೆಯಲ್ಲಿ. ನೇರ ಹಿಂದೆ ಬೇಡ, ಆಟಗಾರನ ಬೆನ್ನೇ ಅಡ್ಡ ಬರುತ್ತದೆ. ತೀರಾ ಮೇಲೂ ಬೇಡ. ಈ ಮೂಲೆಯಿಂದ ಕಾಣುವುದು ಸ್ಪಿನ್. ಚೆಂಡು ಗಾಳಿಯಲ್ಲಿ ಬಾಗುವುದು, ನೆಟ್ ದಾಟಿದ ಮೇಲೆ ಥಟ್ಟನೆ ಕೆಳಗಿಳಿಯುವುದು, ಟೇಬಲ್‌ಗೆ ಬಿದ್ದ ಮೇಲೆ ಎಡಕ್ಕೋ ಬಲಕ್ಕೋ ಜಿಗಿಯುವುದು, ಎಲ್ಲವೂ ಸರ್ವ್ ಪಡೆಯುವವನ ಕಣ್ಣಿಗೆ ಕಾಣುವ ಹಾಗೆಯೇ ನಿಮಗೂ ಕಾಣುತ್ತದೆ. ಸರ್ವ್ ಮಾಡುವವನ ಎದುರು ತುದಿಯಲ್ಲಿ ಕೂತರೆ ಅವನ ಬ್ಯಾಟ್ ಚೆಂಡಿಗೆ ತಾಗುವ ಗಳಿಗೆ ನೇರವಾಗಿ ಸಿಗುತ್ತದೆ. ನಾನು ದಿನದ ಹೆಚ್ಚು ಹೊತ್ತು ಕಳೆಯುವುದು ಈ ಮೂಲೆಯಲ್ಲೇ.

ಕೆಳಗಿನ ಸಾಲಿಗೆ ಇನ್ನೊಂದು ಲಾಭ ಇದೆ. ಪಾಯಿಂಟ್‌ಗಳ ನಡುವೆ ಕೋಚ್ ಸಲಹೆ ಕೊಡಲು 2016ರಿಂದ ಅವಕಾಶ ಇದೆ. ಹತ್ತಿರ ಕೂತಿದ್ದರೆ ಅವರ ಮಾತು, ಕೈಸನ್ನೆ ಎರಡೂ ಸಿಗುತ್ತವೆ. ನಮ್ಮವರ ಕೋಚ್ ಹಿಂದಿಯಲ್ಲೋ ತಮಿಳಿನಲ್ಲೋ "ಮಧ್ಯಕ್ಕೆ ಆಡು" ಅಂದದ್ದು, ಮುಂದಿನ ಪಾಯಿಂಟ್‌ನಲ್ಲಿ ಚೆಂಡು ಎದುರಾಳಿಯ ಹೊಟ್ಟೆಯ ನೇರಕ್ಕೆ ಹೋದದ್ದು, ಎರಡನ್ನೂ ಜೋಡಿಸಿ ನೋಡುವುದು ಮಕ್ಕಳಿಗೆ ದೊಡ್ಡ ಪಾಠ.

ಸರ್ವ್ ನೋಡುವುದನ್ನು ಕಲಿಯಿರಿ

ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ. ಸುಸ್ತಾಗುತ್ತದೆ, ಏನೂ ಉಳಿಯುವುದಿಲ್ಲ. ಮೊದಲ ಒಂದು ಗೇಮ್ ಪೂರ್ತಿ ಬರೀ ಸರ್ವ್ ನೋಡಿ.

ಸರ್ವ್ ಮಾಡುವವನು ಚೆಂಡನ್ನು ತೆರೆದ ಅಂಗೈ ಮೇಲೆ ಇಟ್ಟು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆಯಬೇಕು. ಕೆಲವರು ತಲೆಗಿಂತ ಎಷ್ಟೋ ಮೇಲಕ್ಕೆ ಎಸೆಯುತ್ತಾರೆ. ಚೆಂಡು ಕೆಳಗೆ ಬರುವಾಗ ಬ್ಯಾಟ್ ಒಂದು ಸಲ ಅಡ್ಡ ಬೀಸುತ್ತದೆ, ಅದರ ಹಿಂದೆಯೇ ಮೊಣಕೈ ಮೇಲೆತ್ತುತ್ತದೆ. ನಿಜವಾದ ತಾಗುವಿಕೆ ಇವೆರಡರ ನಡುವೆ ಎಲ್ಲೋ ಆಗಿಹೋಗಿರುತ್ತದೆ. ಬ್ಯಾಟ್ ಚೆಂಡಿನ ಕೆಳಗೆ ಉಜ್ಜಿದರೆ ಬ್ಯಾಕ್‌ಸ್ಪಿನ್. ಪಕ್ಕದಲ್ಲಿ ಉಜ್ಜಿದರೆ ಸೈಡ್‌ಸ್ಪಿನ್. ಉಜ್ಜದೆ ಸುಮ್ಮನೆ ತಾಗಿಸಿದರೆ ಸ್ಪಿನ್ನೇ ಇಲ್ಲ. ಮೂರಕ್ಕೂ ಕೈ ಬೀಸುವ ರೀತಿ ಒಂದೇ ಇರುತ್ತದೆ, ಬೇಕೆಂದೇ. ಸರ್ವ್ ಪಡೆಯುವವನು ಇದನ್ನೆಲ್ಲ ಅರೆಗಳಿಗೆಯಲ್ಲಿ ಓದಬೇಕು. ಓದುವುದು ತಪ್ಪಿದರೆ ಚೆಂಡು ನೆಟ್‌ಗೆ ಬೀಳುತ್ತದೆ ಅಥವಾ ತೇಲಿಕೊಂಡು ಎತ್ತರಕ್ಕೆ ಬರುತ್ತದೆ. ಎತ್ತರ ಬಂದರೆ ಮೂರನೇ ಹೊಡೆತಕ್ಕೆ ಪಾಯಿಂಟ್ ಮುಗಿಯಿತು. "ಇಷ್ಟು ದೊಡ್ಡ ಆಟಗಾರ ಇಷ್ಟು ಸುಲಭದ ಚೆಂಡನ್ನು ನೆಟ್‌ಗೆ ಹೊಡೆದನಲ್ಲ" ಅಂತ ಪಕ್ಕದವರು ಅಂದಾಗ, ಅದು ಸುಲಭದ ಚೆಂಡಾಗಿರಲಿಲ್ಲ ಅಂತ ಹೇಳುವಷ್ಟು ನೀವು ಮಧ್ಯಾಹ್ನದೊಳಗೆ ಕಲಿತಿರುತ್ತೀರಿ.

ಆಮೇಲೆ ಬ್ಯಾಟ್‌ನ ಬಣ್ಣ ನೋಡಿ. 1986ರಿಂದ ಬ್ಯಾಟ್‌ನ ಎರಡು ಕಡೆಗೆ ಎರಡು ಬಣ್ಣ ಇರಲೇಬೇಕು ಅಂತ ನಿಯಮ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು. 2021ರಿಂದ ಕೆಂಪಿನ ಬದಲು ನೀಲಿ, ಹಸಿರು, ಗುಲಾಬಿ, ನೇರಳೆ ಕೂಡ ಆಗುತ್ತದೆ. ಎರಡು ಬಣ್ಣ ಇರುವುದು ಚಂದಕ್ಕಲ್ಲ. ಎರಡು ಕಡೆಯ ರಬ್ಬರ್ ಬೇರೆ ಬೇರೆ ಗುಣದ್ದಾಗಿದ್ದರೆ ಎದುರಾಳಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಭಾರತದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್ ಕಡೆ ಲಾಂಗ್ ಪಿಂಪಲ್ಸ್ (ಉದ್ದ ಮೊನೆಗಳು ಹೊರಗೆ ಚಾಚಿದ ರಬ್ಬರ್) ಇಟ್ಟುಕೊಂಡು ಆಡುವವರು. ಪಾಯಿಂಟ್ ಆಡುತ್ತಿರುವಾಗಲೇ ಬ್ಯಾಟ್ ಅನ್ನು ಬೆರಳಲ್ಲಿ ತಿರುಗಿಸಿ ಬಣ್ಣ ಬದಲಿಸುತ್ತಾರೆ. ಹತ್ತಿರದಿಂದ ನೋಡಿದರೆ ಆ ತಿರುಗುವಿಕೆ ಕಾಣುತ್ತದೆ, ಮರುಕ್ಷಣ ಎದುರಾಳಿಯ ಹೊಡೆತ ಹದ ತಪ್ಪುವುದೂ ಕಾಣುತ್ತದೆ.

ಐಹಿಕಾ ಮುಖರ್ಜಿ ಇನ್ನೂ ವಿಚಿತ್ರ. ಅವರ ಬ್ಯಾಟ್‌ನ ಒಂದು ಕಡೆ ಆಂಟಿ ಸ್ಪಿನ್ ರಬ್ಬರ್, ಅಂದರೆ ಚೆಂಡಿನ ಸ್ಪಿನ್ ಹಿಡಿಯದ ನುಣುಪು ರಬ್ಬರ್. 2024ರ ಫೆಬ್ರವರಿಯಲ್ಲಿ ಬುಸಾನ್‌ನ ವಿಶ್ವ ಟೀಮ್ ಚಾಂಪಿಯನ್‌ಷಿಪ್‌ನಲ್ಲಿ ಆಗಿನ ವಿಶ್ವದ ನಂಬರ್ ಒನ್, ಚೀನಾದ ಸುನ್ ಯಿಂಗ್‌ಶಾ ಅವರನ್ನು ಐಹಿಕಾ ಸೋಲಿಸಿದರು. ಅದೇ ಮುಖಾಮುಖಿಯಲ್ಲಿ ಶ್ರೀಜಾ ಅಕುಲಾ ಅವರು ವಾಂಗ್ ಯಿಡಿಯನ್ನು ಸೋಲಿಸಿದರು. ಭಾರತ 2-3ರಿಂದ ಸೋತಿತು, ಆದರೆ ಚೀನಾ ಬೆವರಿತ್ತು. ನಮ್ಮ ಶಾಲೆಯಲ್ಲಿ ಲಾಂಗ್ ಪಿಂಪಲ್ಸ್ ಹಾಕಿಕೊಂಡು ಆಡುವ ಹುಡುಗಿ ಒಬ್ಬಳಿದ್ದಾಳೆ. "ಅದು ಆಟವೇ ಅಲ್ಲ, ರಬ್ಬರ್ ಕರಾಮತ್ತು" ಅಂತ ಉಳಿದವರು ಅವಳನ್ನು ಕಾಡುತ್ತಿದ್ದರು. ಒಂದು ಮಂಗಳವಾರ ಇಂಥ ರಬ್ಬರ್‌ನ ಆಟವನ್ನು ಮೂಲೆಯಿಂದ ನೋಡಿದ ಮೇಲೆ ಆ ಮಾತು ನಿಂತಿತು. ಕಾಲು ಎಷ್ಟು ಓಡಬೇಕು, ಕೈ ಎಷ್ಟು ಮೆತ್ತಗಿರಬೇಕು ಅಂತ ಎಲ್ಲರಿಗೂ ಕಂಡಿತ್ತು.

ಕಿವಿಯನ್ನೂ ಕೊಡಿ. ಬಿರುಸಾಗಿ ಹೊಡೆದ ಚೆಂಡಿಗೆ ಒಂದು ಸದ್ದು, ಉಜ್ಜಿ ಸ್ಪಿನ್ ಕೊಟ್ಟು ಹೊಡೆದದ್ದಕ್ಕೆ ಇನ್ನೊಂದು, ಪಿಂಪಲ್ಸ್‌ನಲ್ಲಿ ತಡೆದದ್ದಕ್ಕೆ ಬೇರೆಯೇ. ಈ ಸದ್ದಿಗೆ ಎಷ್ಟು ಬೆಲೆ ಅಂತ ಇಡೀ ಜಗತ್ತಿಗೆ ಗೊತ್ತಾದದ್ದು ಭಾರತದಲ್ಲೇ. 1952ರಲ್ಲಿ ಬಾಂಬೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟ್ ಹಿಡಿದು ಬಂದರು. ಅದು ಸದ್ದೇ ಮಾಡುತ್ತಿರಲಿಲ್ಲ. ಸದ್ದಿನಿಂದ ಹೊಡೆತ ಅಳೆಯುತ್ತಿದ್ದವರೆಲ್ಲ ಕಕ್ಕಾಬಿಕ್ಕಿಯಾದರು, ಸಾಟೊ ಚಾಂಪಿಯನ್ ಆದರು. ಇವತ್ತಿನ ಸ್ಪಂಜು ರಬ್ಬರ್ ಆಟ ಶುರುವಾದದ್ದು ಅಲ್ಲಿಂದ. ಆಮೇಲೆ ವಿಶ್ವ ಚಾಂಪಿಯನ್‌ಷಿಪ್ 1975ರಲ್ಲಿ ಕಲ್ಕತ್ತಕ್ಕೆ ಬಂತು, ಅದಕ್ಕೆಂದೇ ನೇತಾಜಿ ಒಳಾಂಗಣ ಕ್ರೀಡಾಂಗಣ ಕಟ್ಟಿದರು. 1987ರಲ್ಲಿ ದೆಹಲಿಗೆ ಬಂತು.

ಲೆಕ್ಕ ಸರಳ. ಒಂದು ಗೇಮ್ 11 ಪಾಯಿಂಟ್. ಎರಡೆರಡು ಸರ್ವ್‌ಗೆ ಸರದಿ ಬದಲು. 10-10 ಆದರೆ ಒಂದೊಂದೇ ಸರ್ವ್, ಎರಡು ಪಾಯಿಂಟ್ ಮುಂದೆ ಹೋದವರಿಗೆ ಗೇಮ್. 2001ರವರೆಗೆ 21 ಪಾಯಿಂಟ್ ಇತ್ತು. 2000ದಲ್ಲಿ ಚೆಂಡನ್ನು 38 ಮಿಲಿಮೀಟರ್‌ನಿಂದ 40ಕ್ಕೆ ದೊಡ್ಡದು ಮಾಡಿದರು. ನೋಡುವವರಿಗೆ ಚೆಂಡು ಕಾಣಲಿ, ಆಟ ಬಿಗಿಯಾಗಲಿ ಅನ್ನುವುದು ಈ ಬದಲಾವಣೆಗಳ ಹಿಂದೆ ಇತ್ತು. ಆಟಗಾರರು ಟವೆಲ್‌ನಲ್ಲಿ ಬೆವರು ಒರೆಸಿಕೊಳ್ಳುವುದಕ್ಕೆ ಪ್ರತಿ ಆರು ಪಾಯಿಂಟ್‌ಗೊಮ್ಮೆ ಬಿಡುವು ಇದೆ. ನೀವು ನೀರು ಕುಡಿಯುವುದೂ ಪಕ್ಕದವರಿಗೆ ವಿವರಿಸುವುದೂ ಆಗ ಇಟ್ಟುಕೊಳ್ಳಿ.

ಹಾಲ್‌ನೊಳಗೆ ನಡೆದುಕೊಳ್ಳುವ ರೀತಿ

ಚೆಂಡಿನ ತೂಕ 2.7 ಗ್ರಾಂ. ಗಾಳಿ ಆಡಿದರೆ ದಾರಿ ತಪ್ಪುತ್ತದೆ. ಅದಕ್ಕೇ ಹಾಲ್‌ನಲ್ಲಿ ಫ್ಯಾನ್ ಹಾಕುವುದಿಲ್ಲ, ಬಾಗಿಲು ಹಾಗೇ ತೆರೆದಿಡಲು ಬಿಡುವುದಿಲ್ಲ. ಒಳಗೆ ಹೊರಗೆ ಓಡಾಡುವುದನ್ನು ಗೇಮ್ ಮುಗಿದಾಗ ಮಾಡಿ. ಆಟಗಾರ ಸರ್ವ್‌ಗೆ ಚೆಂಡು ಅಂಗೈ ಮೇಲೆ ಇಟ್ಟ ಕೂಡಲೇ ಮಾತು ನಿಲ್ಲಲಿ. ಕ್ಯಾಮೆರಾ ಫ್ಲ್ಯಾಶ್ ಬೇಡವೇ ಬೇಡ. ಮೊಬೈಲ್‌ನಲ್ಲಿ ಫೋಟೋ ತೆಗೆಯುವವರು ಮನೆಯಿಂದ ಹೊರಡುವಾಗಲೇ ಫ್ಲ್ಯಾಶ್ ಆರಿಸಿ, ಮಕ್ಕಳ ಮೊಬೈಲನ್ನೂ ಒಮ್ಮೆ ನೋಡಿ.

ಚೆಂಡು ನೆಟ್ ತಾಗಿ ಆಚೆ ಬಿದ್ದು ಅಥವಾ ಅಂಚಿಗೆ ತಾಗಿ ಪಾಯಿಂಟ್ ಬಂದರೆ ಆಟಗಾರ ಕೈಯೆತ್ತಿ ಕ್ಷಮೆ ಕೇಳುವುದು ಇಲ್ಲಿನ ರೂಢಿ. ಅದು ನಮ್ಮವರ ಪಾಯಿಂಟ್ ಆಗಿದ್ದರೂ ಆಗ ಚಪ್ಪಾಳೆ ಬೇಡ. ಎದುರಾಳಿ ಸರ್ವ್ ತಪ್ಪಿದಾಗಲೂ ಕೇಕೆ ಬೇಡ. ಉದ್ದದ ರ್‍ಯಾಲಿ (ಬಿಡದೆ ನಡೆಯುವ ಹೊಡೆತಗಳ ಸರಣಿ) ಮುಗಿದಾಗ ಯಾರು ಗೆದ್ದರೂ ಚಪ್ಪಾಳೆ ಕೊಡಿ. ಪಾಯಿಂಟ್‌ಗಳ ನಡುವೆ ಎಷ್ಟು ಬೇಕಾದರೂ ಕೂಗಿ. ಬರೀ "ಇಂಡಿಯಾ ಇಂಡಿಯಾ" ಅನ್ನುವುದಕ್ಕಿಂತ ಆಟಗಾರರ ಹೆಸರು ಹಿಡಿದು ಕೂಗಿ, ಅವರಿಗೆ ತಲುಪುತ್ತದೆ.

ಅಭಿಮಾನ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪ್ಯಾರಿಸ್ ಒಲಿಂಪಿಕ್ಸ್ ತೋರಿಸಿತು. ಮಹಿಳೆಯರ ಸಿಂಗಲ್ಸ್ ಫೈನಲ್ ಇಬ್ಬರು ಚೀನೀಯರ ನಡುವೆಯೇ ಇತ್ತು. ಗ್ಯಾಲರಿಯಲ್ಲಿ ಬಹುಪಾಲು ಸುನ್ ಯಿಂಗ್‌ಶಾ ಅಭಿಮಾನಿಗಳು. ಗೆದ್ದದ್ದು ಚೆನ್ ಮೆಂಗ್. ಸ್ವಂತ ದೇಶದವಳು ಚಿನ್ನ ಗೆದ್ದರೂ ಆ ಗುಂಪು ಹಂಗಿಸಿತು. ನನಗೆ ಅದನ್ನು ನೋಡಿ ಸಂಕಟವಾಯಿತು. ಅದೇ ಒಲಿಂಪಿಕ್ಸ್‌ನಲ್ಲಿ ಮಿಕ್ಸೆಡ್ ಡಬಲ್ಸ್ ಚಿನ್ನ ಗೆದ್ದ ಗಳಿಗೆಯಲ್ಲಿ ಮುತ್ತಿಕೊಂಡ ಫೋಟೋಗ್ರಾಫರ್‌ಗಳ ನೂಕುನುಗ್ಗಲಲ್ಲಿ ಚೀನಾದ ವಾಂಗ್ ಚುಚಿನ್ ಅವರ ಬ್ಯಾಟ್ ತುಳಿದು ಮುರಿಯಿತು. ಮರುದಿನ ಬೇರೆ ಬ್ಯಾಟ್‌ನಲ್ಲಿ ಆಡಿ ಸ್ವೀಡನ್ನಿನ ಟ್ರುಲ್ಸ್ ಮೊರೆಗಾರ್ಡ್ ಎದುರು ಸೋತರು. ಆಟೋಗ್ರಾಫ್‌ಗೆ ಹೋಗುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ: ಆಟಗಾರರ ಕಿಟ್ ಬ್ಯಾಗ್, ಬ್ಯಾಟ್ ಮುಟ್ಟಬಾರದು. ಪಂದ್ಯಕ್ಕೆ ಹೋಗುವಾಗ ತಡೆಯಬಾರದು. ಸೋತು ಬರುವವರನ್ನು ಹಾಗೇ ಬಿಟ್ಟುಬಿಡಬೇಕು. ಗೆದ್ದು, ಬಟ್ಟೆ ಬದಲಿಸಿ, ನಿಧಾನವಾಗಿ ಹೊರಬರುವವರ ಹತ್ತಿರ ಪೆನ್ನು ಪುಸ್ತಕ ರೆಡಿ ಇಟ್ಟುಕೊಂಡು ಹೋದರೆ ಬಹಳ ಜನ ಇಲ್ಲ ಅನ್ನುವುದಿಲ್ಲ.

ತಿಂಡಿ, ನೀರಿನ ಬಾಟಲಿ ಒಳಗೆ ಬಿಡುತ್ತಾರೋ ಇಲ್ಲವೋ ಟಿಕೆಟ್ ಮೇಲೆ ನೋಡಿಕೊಳ್ಳಿ. ಎಸಿ ಜೋರಾಗಿದ್ದರೆ ಚಿಕ್ಕ ಮಕ್ಕಳಿಗೆ ಸ್ವೆಟರ್ ಬೇಕಾಗುತ್ತದೆ, ಹೊರಗೆ ಚೆನ್ನೈ ಬಿಸಿಲು ಎಷ್ಟೇ ಇರಲಿ.

ಕುರ್ಚಿ ತುಂಬಿಸುವ ಕೆಲಸ

2025ರ ಚೆನ್ನೈ ಟೂರ್ನಿ ಶರತ್ ಕಮಲ್ ಅವರ ಕೊನೆಯ ಟೂರ್ನಿ. ಐದು ಒಲಿಂಪಿಕ್ಸ್ ಆಡಿದವರು, ಹತ್ತು ಸಲ ರಾಷ್ಟ್ರೀಯ ಚಾಂಪಿಯನ್. 2022ರ ಕಾಮನ್‌ವೆಲ್ತ್‌ನಲ್ಲಿ ನಲವತ್ತನೇ ವಯಸ್ಸಿನಲ್ಲಿ ಸಿಂಗಲ್ಸ್ ಚಿನ್ನ ಗೆದ್ದವರು. ತಮ್ಮದೇ ಊರಿನಲ್ಲಿ, ತಮಗಿಂತ ಎಷ್ಟೋ ಚಿಕ್ಕವರಾದ ಸ್ನೇಹಿತ್ ಸುರವಜ್ಜುಲ ಎದುರು ಕೊನೆಯ ಸಿಂಗಲ್ಸ್ ಪಂದ್ಯ ಸೋತರು. ಜನ ಎದ್ದು ನಿಂತು ತಟ್ಟಿದ ಚಪ್ಪಾಳೆ ಬಹಳ ಹೊತ್ತು ಮುಂದುವರಿಯಿತು. ಅದೇ ಟೂರ್ನಿಯಲ್ಲಿ ಮಾನವ್ ಠಕ್ಕರ್ ಸೆಮಿಫೈನಲ್ ತಲುಪಿದರು. ಸ್ಟಾರ್ ಕಂಟೆಂಡರ್‌ನ ಪುರುಷರ ಸಿಂಗಲ್ಸ್‌ನಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯ.

ಶರತ್ ಆಟಕ್ಕೆ ಬಂದ ಜನ ಅದೇ ವಾರದ ಅರ್ಹತಾ ಸುತ್ತಿಗೆ ಬಂದಿರಲಿಲ್ಲ. ಖಾಲಿ ಕುರ್ಚಿ ಕಂಡರೆ ಪ್ರಾಯೋಜಕರು ಹಿಂದೆ ಸರಿಯುತ್ತಾರೆ. ಪ್ರಾಯೋಜಕರಿಲ್ಲದಿದ್ದರೆ ಟೂರ್ನಿ ಬೇರೆ ದೇಶಕ್ಕೆ ಹೋಗುತ್ತದೆ. ಟೂರ್ನಿ ಬೇರೆ ದೇಶಕ್ಕೆ ಹೋದರೆ ವೈಲ್ಡ್ ಕಾರ್ಡ್ ಹೋಯಿತು, ನಮ್ಮ ಮಕ್ಕಳು ವಿಮಾನದ ಖರ್ಚು ಹೊತ್ತು ಹೋಗಿ ಆಡಬೇಕು. ಬೆಂಗಳೂರಿನ ಅರ್ಚನಾ ಕಾಮತ್ ಪ್ಯಾರಿಸ್ ಒಲಿಂಪಿಕ್ಸ್‌ನ ಟೀಮ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯ ಶಾನ್ ಷಿಯಾವೊನಾ ಅವರನ್ನು ಸೋಲಿಸಿದರು. ಅವತ್ತು ಭಾರತ ಗೆದ್ದದ್ದು ಅದೊಂದೇ ಪಂದ್ಯ. ಅದಾದ ಕೆಲವೇ ದಿನಗಳಲ್ಲಿ ಅವರು ಓದಿಗೆಂದು ಆಟ ಬಿಟ್ಟು ಅಮೆರಿಕಕ್ಕೆ ಹೊರಟರು. ಅದು ಅವರ ಆಯ್ಕೆ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಆಟವನ್ನೇ ನಂಬಿ ಬದುಕಬಹುದು ಅಂತ ಮುಂದಿನ ಹುಡುಗಿಗೆ ಅನಿಸಬೇಕಾದರೆ ನೋಡುವವರು ಇರಬೇಕು.

ಹಾಗಾಗಿ ಒಬ್ಬರೇ ಹೋಗಬೇಡಿ. ಟಿಟಿ ಗೊತ್ತಿಲ್ಲದ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಬದಿಯಲ್ಲಿ, ಆಮೇಲೆ ಮೂಲೆಯಲ್ಲಿ ಕೂರಿಸಿ. ನೀವು ಮೇಷ್ಟ್ರಾಗಿದ್ದರೆ ಟೂರ್ನಿಗೆ ಒಂದು ತಿಂಗಳು ಮುಂಚೆಯೇ ಆಯೋಜಕರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು, ಅರ್ಹತಾ ಸುತ್ತಿನ ದಿನಗಳಿಗೆ ಮಕ್ಕಳ ಗುಂಪಿಗೆ ರಿಯಾಯಿತಿ ಇದೆಯಾ ಅಂತ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಈ ವರ್ಷ ಹೊರಗೆ ಹೋಗಲು ಆಗದಿದ್ದರೆ ಕರ್ನಾಟಕದಲ್ಲೇ ನಡೆಯುವ ರಾಜ್ಯ ರ್‍ಯಾಂಕಿಂಗ್ ಟೂರ್ನಿಯೊಂದಕ್ಕೆ ಒಂದು ಭಾನುವಾರ ಹೋಗಿ ಕೂರಿ. ಅಲ್ಲಿ ಗ್ಯಾಲರಿಯಲ್ಲಿ ಇರುವವರು ಆಡುವ ಮಕ್ಕಳ ಅಪ್ಪ ಅಮ್ಮಂದಿರು ಮಾತ್ರ. ಒಂದು ಮೂಲೆ ಹಿಡಿಯಿರಿ, ಯಾರಾದರೂ ಒಬ್ಬ ಹುಡುಗಿಯ ಹೆಸರು ಸ್ಕೋರ್‌ಬೋರ್ಡ್ ನೋಡಿ ತಿಳಿದುಕೊಳ್ಳಿ, ಅವಳ ಸರ್ವ್ ಗಮನಿಸಿ, ಒಳ್ಳೆಯ ಪಾಯಿಂಟ್‌ಗೆ ಹೆಸರು ಹಿಡಿದು ಕೂಗಿ. ಅರ್ಹತಾ ಸುತ್ತು ನೋಡುವುದಕ್ಕೆ ಇದೇ ಒಳ್ಳೆಯ ತಯಾರಿ.